ಏಳನೆಯ ಸ್ಥಾನದ ಸಿನಿಮಾ

ಮಾರ್ಚ್ 9, ಭಾನುವಾರ

ಪ್ರೀತಿಯ ಪಿಟೀಲೇ,

ಹೇಗಿದ್ದೀಯ, ನಿನ್ನ ಪಿಟೀಲು ದನಿ ಹೇಗಿದೆ? ಜನವರಿ ಮೊದಲ ವಾರಕ್ಕೇ ಬರಬೇಕಿದ್ದ ನನ್ನ ಪಟ್ಟಿ ಮಾರ್ಚ್ ಬಂದರೂ ಪತ್ತೆಯಿಲ್ಲವೆಂದು ಬೈದುಕೊಂಡಿರುತ್ತೀಯ. ಬೈ, ತಪ್ಪು ನನ್ನದೇ. ಇಪ್ಪತ್ತೆರಡು ವರ್ಷದಿಂದ, ನೀನು ಬೇರೆ ಊರು ಸೇರಿದ ಮೇಲೂ, ವರ್ಷದ ಹತ್ತು ಮೆಚ್ಚಿನ ಸಿನಿಮಾಗಳನ್ನು ಒಬ್ಬರಿಗೊಬ್ಬರು ಬರೆದು ಕಳಿಸುವುದನ್ನು ನಾವು ತಪ್ಪಿಸಿಲ್ಲ. ಗಂಟಲು ಕಟ್ಟಿತ್ತು, ಡಬ್ಬಿಂಗ್ ಕೆಲಸ ಜಾಸ್ತಿಯಿತ್ತು ಎಂದು ಮೂರು ಸಲ ಬರೆದು ಮೂರು ಸಲವೂ ಹರಿದೆ. ಗಂಟಲು ಗಟ್ಟಿಯಾಗಿಯೇ ಇದೆ. ಕೆಲಸವೂ ಅಷ್ಟರಲ್ಲೇ ಇದೆ. ಹೋದ ವಾರವೆಲ್ಲ ಕಾರ್ಟೂನಿನ ಆಮೆಯೊಂದಕ್ಕೆ ದನಿ ಕೊಟ್ಟೆ. ಆಮೆ ಮಾತಾಡುವುದೇ ಕಡಿಮೆ.

ಹತ್ತನೆಯದು, ಕಳ್ಳ ಕನ್ನ ಹಾಕಿದ ಮನೆಯಲ್ಲೇ ನಿದ್ದೆ ಹೋಗುವ ಚಿತ್ರ. ಅರ್ಧದವರೆಗೆ ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು, ಆಮೇಲೆ ಅವನಿಗೆ ಬುದ್ಧಿ ಬಂದು ನನಗೆ ಆಕಳಿಕೆ ಬಂತು. ಒಂಬತ್ತು, ಎಂಟು, ಆರು, ಐದು, ನಾಲ್ಕು, ಎರಡರ ಹೆಸರುಗಳು ಕಾಗದದ ಹಿಂಬದಿಯಲ್ಲಿವೆ, ಅವುಗಳ ಬಗ್ಗೆ ಹೇಳುವಂಥದ್ದೇನಿಲ್ಲ. ಮೂರನೆಯದು, ಮಾತು ಬಿಟ್ಟ ಅಣ್ಣ ತಂಗಿ ಒಂದೇ ಮನೆಯ ನಡುವೆ ಗೋಡೆ ಎಬ್ಬಿಸುವ ಕಥೆ. ಗೋಡೆಯಾಚೆ ಅಣ್ಣ ಕೆಮ್ಮಿದಾಗ ತಂಗಿ ಕೈಯಲ್ಲಿದ್ದ ಸೌಟು ನಿಲ್ಲುತ್ತದಲ್ಲ, ಅದೊಂದಕ್ಕೇ ಮೂರನೆಯ ಸ್ಥಾನ ಕೊಟ್ಟೆ. ಮೊದಲನೆಯದು, ಅರವತ್ತು ದಾಟಿದ ಹೆಂಗಸು ಈಜು ಕಲಿಯುವ ಚಿತ್ರ. ಅದರಲ್ಲಿ ಮಾತೇ ಇಲ್ಲ. ಯಾರೂ ದನಿ ಕೊಟ್ಟಿಲ್ಲವೆಂದೇ ಅಷ್ಟು ಹಿಡಿಸಿತೇನೋ.

ನಿನ್ನದು ಏಳು.

ನೀನು ದನಿ ಕೊಟ್ಟ, ಬಂದರಿನಲ್ಲಿ ಕ್ರೇನ್ ನಡೆಸುವ ತಾಯಿಯ ಚಿತ್ರ. ಉದ್ದ ಜಾಸ್ತಿ, ಸಂಗೀತ ಕಿವಿಗೆ ಬಡಿಯುತ್ತದೆ, ಮಗನ ಪಾತ್ರ ಪೇಲವ ಎಂದೆಲ್ಲ ಕಾರಣ ಬರೆದಿಟ್ಟುಕೊಂಡಿದ್ದೆ. ಪಟ್ಟಿಯನ್ನು ನಮ್ಮ ಸ್ಟುಡಿಯೋದ ಒಂಟೆಗೆ ತೋರಿಸಿದೆ. ನೆನಪಿದೆಯಲ್ಲ, ಗಾಜಿನಾಚೆ ಕೂತು ನಮ್ಮ ದನಿ ರೆಕಾರ್ಡ್ ಮಾಡುವ ಆ ಉದ್ದ ಮನುಷ್ಯ? ಹೆಡ್‌ಫೋನ್ ಕುತ್ತಿಗೆಗೆ ಇಳಿಸಿ ನೋಡಿದ.

"ಏಳನೇದಾ? ಅಕ್ಕ, ಹೊಟ್ಟೆಕಿಚ್ಚಿಗೂ ಒಂದು ಮಿತಿ ಇರ್ಬೇಕು," ಎಂದ.

"ಹೊಟ್ಟೆಕಿಚ್ಚಂತೆ! ನಿಂಗೇನು ಗೊತ್ತು ಸಿನಿಮಾ?" ಎಂದು ರೇಗಿದೆ.

"ಸಿನಿಮಾ ಗೊತ್ತಿಲ್ಲ. ನಿಮ್ಮ ದನಿ ಗೊತ್ತು. ಅವ್ರ ಹೆಸ್ರು ಹೇಳೋವಾಗ ಒಡೆಯತ್ತೆ."

ಹೌದು ಕಣೇ, ಹೊಟ್ಟೆಕಿಚ್ಚೇ. ಆ ತಾಯಿಯ ಪಾತ್ರಕ್ಕೆ ನಾನೂ ದನಿಯ ಮಾದರಿ ಕಳಿಸಿದ್ದೆ. ನಿನಗೆ ಹೇಳಿರಲಿಲ್ಲ. ಕ್ರೇನಿನ ಮೇಲಿಂದ ಕೆಳಗಿರುವ ಮಗನನ್ನು "ಊಟ ಆಯ್ತಾ?" ಎಂದು ಕೇಳುವ ಜಾಗವಿದೆಯಲ್ಲ, ನಾನು ಅದರಲ್ಲಿ ಇಡೀ ಜನ್ಮದ ದುಃಖ ತುಂಬಿದ್ದೆ. ನೀನು ಚೀಲದಲ್ಲಿ ಬೀಗದಕೈ ಹುಡುಕುತ್ತ ಕೇಳಿದ ಹಾಗೆ ಕೇಳಿಬಿಟ್ಟೆ. ಚಿತ್ರಮಂದಿರದಲ್ಲಿ ನನ್ನ ಹಿಂದಿನ ಸಾಲಿನ ಗಂಡಸು ಬಿಕ್ಕಿದ. ನನಗೆ ಮೈಯೆಲ್ಲ ಉರಿಯಿತು. ನಿರ್ದೇಶಕರು ನನಗೆ ಹೇಳಿಕಳಿಸಿದ್ದು ಇಷ್ಟೇ: "ನೀವು ತುಂಬಾ ಚೆನ್ನಾಗಿ ಅಳ್ತೀರಿ." ಕೊನೆಗೆ ಸಿಕ್ಕಿದ್ದು ಅದೇ ಚಿತ್ರದಲ್ಲಿ ಆಸ್ಪತ್ರೆಯ ನರ್ಸಿನ ನಾಲ್ಕು ಮಾತು. ಅದು ನನ್ನ ದನಿಯೆಂದು ನೀನು ಗುರುತು ಹಿಡಿದಿರುತ್ತೀಯ. ಹಿಡಿದೂ ಒಂದು ಮಾತು ಬರೆಯಲಿಲ್ಲವೆಂದು ಅದಕ್ಕೂ ಉರಿದುಕೊಂಡೆ.

ಏಪ್ರಿಲ್‌ನಲ್ಲಿ ಬರುತ್ತೇನೆ, ನಿಮ್ಮ ಮನೆಯಲ್ಲೇ ಉಳಿಯುತ್ತೇನೆ ಎಂದು ಬರೆದಿದ್ದೀಯ. ಮಹಡಿಯ ಕೋಣೆಯ ಫ್ಯಾನು ಸರಿಮಾಡಿಸಿದ್ದೇನೆ. ನಿನ್ನ ಮಗಳು ಪರೀಕ್ಷೆಯಲ್ಲಿ ಗೆದ್ದು ಬರಲಿ, ನಿನ್ನ ಯಜಮಾನರ ಮಂಡಿನೋವು ಇಳಿಯಲಿ. ನಿನ್ನ ಗಂಟಲು ನೂರು ಕಾಲ ಹೀಗೇ ಇರಲಿ; ಇದನ್ನು ಮನಸ್ಸಿನಿಂದಲೇ ಬರೆಯುತ್ತಿದ್ದೇನೆ, ಸ್ವಲ್ಪ ಹಲ್ಲು ಕಚ್ಚಿಕೊಂಡು.

ನಿನ್ನ,
ಗೊಗ್ಗರಿ

ತಾ.ಕ.: ಇಷ್ಟೆಲ್ಲ ಬರೆದೂ ಹೇಳಬೇಕಾದ್ದನ್ನು ಹೇಳಲಿಲ್ಲ. ಅಮ್ಮನಿಗೆ ಈಗ ಕಣ್ಣು ಚೂರೂ ಕಾಣಿಸುವುದಿಲ್ಲ. ಆದರೂ ನಾನು ದನಿ ಕೊಟ್ಟ ಸಿನಿಮಾಗಳಿಗೆ ಕರೆದುಕೊಂಡು ಹೋಗುತ್ತೇನೆ. ಒಮ್ಮೆ ಅಜ್ಜಿ, ಒಮ್ಮೆ ಮಗು, ಒಮ್ಮೆ ಮಾಟಗಾತಿ. ಯಾವುದು ನಾನೆಂದು ಅವಳಿಗೆ ತಿಳಿಯದು. ಅದಕ್ಕೆ ನನ್ನ ಮಾತು ಬಂದಾಗ ಅವಳ ಕೈ ಅದುಮುತ್ತೇನೆ. ನಿನ್ನ ಸಿನಿಮಾಕ್ಕೆ ಹೋದ ದಿನ, ತೆರೆಯ ಮೇಲೆ ನರ್ಸು ಇನ್ನೂ ಬಂದಿರಲಿಲ್ಲ. ನೀನು "ಊಟ ಆಯ್ತಾ?" ಎಂದೆ. ಅಮ್ಮ ನನ್ನತ್ತ ವಾಲಿ, "ಇದು ನೀನೇನೇ?" ಎಂದಳು. ನಾನು ಅದುಮಿಬಿಟ್ಟೆ. ಆಮೇಲೆ ನೀನು ಮಾತಾಡಿದಾಗಲೆಲ್ಲ ಅದುಮಿದೆ. ನರ್ಸು ಬಂದಾಗ ಕೈ ಸುಮ್ಮನಿತ್ತು.

ಹೊರಗೆ ಮೆಟ್ಟಿಲ ಮೇಲೆ ಅಮ್ಮ ನಿಂತುಕೊಂಡಳು. "ಇಷ್ಟು ದಿನ ಬರೀ ಗಂಟಲಿಂದ ಮಾತಾಡ್ತಿದ್ದೆ ಮಗಳೇ. ಇವತ್ತು ಒಳಗಿಂದ ಬಂತು," ಎಂದಳು. "ಆ ನರ್ಸು ಯಾರೇ? ಪಾಠ ಒಪ್ಪಿಸ್ದಂಗಿತ್ತು."

"ಯಾರೋ ಹೊಸಬಳು," ಎಂದೆ.

ಎರಡು ತಿಂಗಳು ಮನೆಗೆ ಬಂದವರಿಗೆಲ್ಲ ಅಮ್ಮ ಅದನ್ನೇ ಹೇಳಿದಳು. ನಿನ್ನ ದನಿ ಕೇಳಿದರೆ ಗೊತ್ತಾಗಿಬಿಡುತ್ತದೆಂದು ನಿನ್ನನ್ನು ಬರಬೇಡ ಎನ್ನಲು ಹೊರಟಿದ್ದೆ; ಹರಿದ ಆ ಮೂರು ಕಾಗದಗಳಲ್ಲಿ ನೆಪಗಳ ಜೊತೆಗೆ ಇದ್ದದ್ದು ಅದೇ. ಇವತ್ತು ಬೆಳಿಗ್ಗೆ ತಿಂಡಿ ತಿನ್ನುತ್ತ ಅಮ್ಮ, "ಆ ಊಟದ ಮಾತು ಒಂದ್ಸಲ ಹೇಳೇ," ಎಂದಳು. ಹೇಳಿದೆ, ನಿನ್ನ ಹಾಗೆಯೇ ಹೇಳಲು ನೋಡುತ್ತ. ಅವಳು ಅಗಿಯುವುದನ್ನು ನಿಲ್ಲಿಸಿ ಕಾದಳು. ಮತ್ತೆ ಹೇಳಿದೆ. ಆಗುವುದಿಲ್ಲ ಕಣೇ.

"ಅದು ನಾನಲ್ಲಮ್ಮ, ಪಿಟೀಲು. ನಾನು ನರ್ಸು," ಎಂದುಬಿಟ್ಟೆ.

ಬೈಯುತ್ತಾಳೆ, ಅಳುತ್ತಾಳೆ ಎಂದುಕೊಂಡೆ. ನಾನೇಕೆ ಸುಳ್ಳು ಹೇಳಿದೆನೆಂದೂ ಕೇಳಲಿಲ್ಲ. ತಟ್ಟೆ ಪಕ್ಕಕ್ಕೆ ಸರಿಸಿ, "ಅವಳು ಯಾವತ್ತು ಬರ್ತಾಳೆ?" ಎಂದಳು.

ಈ ಪತ್ರ ಮುಗಿಸುವಷ್ಟರಲ್ಲಿ ಮೂರನೆಯ ಸಲ ಕೇಳುತ್ತಿದ್ದಾಳೆ. ತಾರೀಕು ಬೇಗ ತಿಳಿಸು.