ಪೀಪಾಯಿಗೆ ಸುರಿದ ವಿಷ

ರಸೀನ್, ವಿಸ್ಕಾನ್ಸಿನ್
ನವೆಂಬರ್ 13, 1994, ಭಾನುವಾರ

ಪ್ರೀತಿಯ ಮಗ ಲೈಲ್‌ಗೆ,

ಹೇಗಿದ್ದೀಯಪ್ಪಾ? ಹಲ್ಲುನೋವು ಕಡಿಮೆಯಾಯಿತೇ? ಚಳಿ ಶುರುವಾಗಿದೆ, ಅಲ್ಲಿ ಉಣ್ಣೆಯ ಒಳಅಂಗಿ ಕೊಟ್ಟರೋ ಇಲ್ಲವೋ ಬರೆ. ಊಟ ಮಾಡುತ್ತಿದ್ದೀಯಾ? ಮೊದಲೆಲ್ಲ ಜೈಲಿನ ಬೀನ್ಸನ್ನು ಬೈದಾದರೂ ಎರಡು ಸಾಲು ಬರೆಯುತ್ತಿದ್ದೆ. ಬೈಯುತ್ತಿದ್ದಾನೆ ಎಂದರೆ ತಿನ್ನುತ್ತಿದ್ದಾನೆ ಎಂದು ನನಗೆ ಧೈರ್ಯವಿರುತ್ತಿತ್ತು. ಈಚೆಗೆ ಊಟದ ಸುದ್ದಿಯೇ ಇಲ್ಲ. ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ನನ್ನ ಮಾತು ಕೇಳುವುದಿಲ್ಲ, ಅದೂ ನಿನ್ನ ಹಾಗೆಯೇ.

ಕೊನೆಯ ಮೇಲ್ಮನವಿಯೂ ಬಿದ್ದುಹೋದ ಮೇಲೆ ನೀನು ಬರೆದ ಪತ್ರವನ್ನು ನಾನು ಯಾರಿಗೂ ತೋರಿಸಿರಲಿಲ್ಲ. ನೀನು ಮಾಡಿದ್ದು ಮಾಡಿದ್ದೇ, ಅದನ್ನು ನಾನು ಮುಚ್ಚಿಡುವವಳಲ್ಲ. ಆದರೂ ಸಾಯುವವರೆಗೂ ಒಳಗೇ ಎಂದು ಮೂರು ಜನ ನ್ಯಾಯಾಧೀಶರು ಕೂತು ಹೇಳಿಬಿಟ್ಟರಲ್ಲ, ಅದು ನನ್ನ ಗಂಟಲಲ್ಲಿ ಇನ್ನೂ ಇಳಿದಿಲ್ಲ. ಆ ಪತ್ರದಲ್ಲಿ ನೀನು ನಿನ್ನ ಬಗ್ಗೆ ಏನನ್ನೂ ಕೇಳಿರಲಿಲ್ಲ, ಕೇಳಿದ್ದೆಲ್ಲ ನೀವು ದಾಳ ಹಾಕಿ ಆಡುವ ಆ ಕಥೆಯಾಟದ ನಿನ್ನ ಪಾತ್ರ, ಕುಳ್ಳ ವೀರ ಹಾಮ್ರಿಕ್‌ನ ಬಗ್ಗೆ. ಆಟಕ್ಕೆ ಬಾರದವರ ಪಾತ್ರ ಛತ್ರದಲ್ಲಿ ಮಲಗಿರುತ್ತದೆ, ಅದನ್ನು ಯಾರೂ ಮುಟ್ಟಬಾರದು ಎಂಬುದು ಆಟ ನಡೆಸುವ ವರ್ನ್‌ನ ಮೇಜಿನ ಕಟ್ಟುಪಾಡು. ನೀನು ಒಳಗೆ ಹೋದಂದಿನಿಂದ ಹಾಮ್ರಿಕ್ ಆ ಛತ್ರದಲ್ಲಿ ಗೊರಕೆ ಹೊಡೆಯುತ್ತಿದ್ದ. "ಇನ್ನೂ ಎಷ್ಟು ದಿನ ಅಂತ ಮಲಗಿಸಿರ್ತೀರಾ? ಎಬ್ಬಿಸಿ. ಹಿಮದೈತ್ಯರ ದೊರೆ ಹತ್ರ ಕರ್ಕೊಂಡು ಹೋಗಿ. ಅಮ್ಮ ಆಡ್ಲಿ" ಎಂದು ಬರೆದಿದ್ದೆ. ಹೀಗಾಗಿ ಈ ವಯಸ್ಸಿನಲ್ಲಿ, ಇಪ್ಪತ್ತು ಮುಖದ ದಾಳ ಹಿಡಿದು ವರ್ನ್‌ನ ನೆಲಮಾಳಿಗೆಯಲ್ಲಿ ಕುಳಿತೆ. ಅವನು ಬಾಲ್ಯದ ಗೆಳೆಯ ಎಂದು ನೀನು ಹೊಗಳುತ್ತೀಯ, ಆದರೆ ಆ ನೆಲಮಾಳಿಗೆಯಲ್ಲಿ ಒಂದು ಸರಿಯಾದ ಕುರ್ಚಿ ಇಲ್ಲ.

ವಿಷದ ಉಪಾಯವನ್ನೂ ನೀನೇ ಬರೆದಿದ್ದೆಯಲ್ಲ. "ಅಮ್ಮಾ, ಕತ್ತಿ ಹಿಡಿದು ನಿಂತ್ರೆ ಆ ದೈತ್ಯನಿಗೆ ಸೊಳ್ಳೆ ಕಚ್ಚಿದ ಹಾಗೆ. ವಿಷ ಮಾತ್ರ ಅವನ ಗಾತ್ರ ಕೇಳಲ್ಲ. ಅವನ ದಾಳ ಒಂದು ಸಲ ಕೈಕೊಟ್ರೆ ಸಾಕು, ಅಲ್ಲೇ ಮಲಗ್ತಾನೆ." ಹಾಮ್ರಿಕ್‌ನ ಸೊಂಟದ ಸೋರೆಬುರುಡೆಯಲ್ಲಿ ದೊಡ್ಡ ಜೇಡದ ವಿಷವಿತ್ತು. ದೈತ್ಯನ ಬಿಯರ್ ಪೀಪಾಯಿಗೆ ಅದನ್ನು ಸುರಿಯುವುದೆಂದು ನಾನೂ ನಿನ್ನ ಮಾವನ ಮಗಳು ರೀಟಾಳೂ ನಿಶ್ಚಯಿಸಿದೆವು. ತೊಡಕು ಕ್ಲಿಫರ್ಡ್‌ನದು. ಚರ್ಚಿನಲ್ಲಿ ಕಾಣಿಕೆ ತಟ್ಟೆ ಹಿಡಿಯುವ ಆ ಮನುಷ್ಯ ಆಟದಲ್ಲೂ ಧರ್ಮಯೋಧನೇ ಆಗಬೇಕೆ? ವಿಷ ಹಾಕುವುದನ್ನು ನೋಡಿಯೂ ಸುಮ್ಮನಿದ್ದರೆ ಅವನ ಯೋಧನ ಶಕ್ತಿಯೆಲ್ಲ ಹೋಗುತ್ತದಂತೆ. ಅದಕ್ಕೂ ನಿಮ್ಮಲ್ಲಿ ಹಳೆಯ ದಾರಿಯೊಂದಿದೆಯಂತೆ, ಅವನು ಮೇಜಿನ ಬಳಿ ಇಲ್ಲದಿದ್ದರೆ ಅವನ ಯೋಧನೂ ನೋಡಲಿಲ್ಲ ಎಂದು ಲೆಕ್ಕ. ರೀಟಾ ಅವನನ್ನು ನೋಡಿ, "ಕ್ಲಿಫ್, ಕಾಫಿ ಮಾಡ್ಕೊಂಡು ಬಾ, ನಿಧಾನಕ್ಕೆ ಮಾಡು" ಎಂದಳು. ಅವನು ಯಾಕೆಂದೂ ಕೇಳದೆ ಮೆಟ್ಟಿಲು ಹತ್ತಿ ಅಡುಗೆಮನೆಗೆ ಹೋದ. ಅವನು ಅಲ್ಲಿ ಪಾತ್ರೆ ಸದ್ದು ಮಾಡುತ್ತಿದ್ದಾಗ ನಾನು ಇಲ್ಲಿ ದಾಳ ಎಸೆದೆ. ಕಾವಲಿನವನ ಕಣ್ಣಿಗೆ ಬೀಳದೆ ಹಾಮ್ರಿಕ್ ವಿಷವನ್ನು ಪೀಪಾಯಿಗೆ ಸುರಿದುಬಂದ. ಸುಳ್ಳೇಕೆ ಹೇಳಲಿ, ನಿನಗೆ ಶಿಕ್ಷೆಯಾದ ಮೇಲೆ ನಾನು ಮನಸ್ಸು ಬಿಚ್ಚಿ ನಕ್ಕದ್ದು ಆಗಲೇ. ನನ್ನ ಮಗನ ಕುಳ್ಳ ಗೆದ್ದು ಮನೆಗೆ ಬರುತ್ತಾನೆ ಎಂದುಕೊಂಡುಬಿಟ್ಟೆ.

ಕ್ಲಿಫರ್ಡ್ ಕಾಫಿಯ ಜೊತೆ ಒಂದು ತಟ್ಟೆ ಕ್ರಿಂಗಲ್ ಸಿಹಿರೊಟ್ಟಿ ಹಿಡಿದು ಇಳಿದುಬಂದ. ನಾವು ರಾಯಭಾರಿಗಳ ವೇಷದಲ್ಲಿ ದೈತ್ಯನ ಸಭೆಗೆ ಹೋದೆವು. ಅವನು ಪೀಪಾಯಿ ತರಿಸಿ ಎಲ್ಲರಿಗೂ ಬಗ್ಗಿಸಿದ. ನಮ್ಮ ಬಟ್ಟಲನ್ನು ತುಟಿಗೆ ಮುಟ್ಟಿಸಿ ಕೆಳಗಿಟ್ಟುಬಿಡೋಣ ಎಂದು ರೀಟಾ ನನಗೆ ಕಣ್ಣು ಮಿಟುಕಿಸುತ್ತಿದ್ದಳು. ಅಷ್ಟರಲ್ಲಿ ಕ್ಲಿಫರ್ಡ್ ಕ್ರಿಂಗಲ್ ಚೂರನ್ನು ನುಂಗಿ, "ಒಂದ್ ನಿಮಿಷ. ನನ್ನ ಯೋಧ ಪ್ರಾರ್ಥನೆ ಮಾಡ್ದೆ ಏನೂ ಕುಡಿಯಲ್ಲ. ಪೀಪಾಯಿ ಮೇಲೆ ಕೈಯಿಟ್ಟು, ಅನ್ನಪಾನ ಶುದ್ಧಿಯ ಮಂತ್ರ ಹೇಳ್ತಾನೆ" ಎಂದ. ವರ್ನ್ ಕಣ್ಣು ಮುಚ್ಚಿಕೊಂಡ. ರೀಟಾ ಮೇಜಿಗೆ ಹಣೆ ಚಚ್ಚಿಕೊಂಡಳು. ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆ ಮಂತ್ರ ಹೇಳಿದರೆ ವಿಷವೆಲ್ಲ ಹೋಗಿ ಬಿಯರ್ ಬರೀ ಬಿಯರ್ ಆಗುತ್ತದಂತೆ. ದೈತ್ಯನಿಗಾಗಿ ದಾಳ ಉರುಳಿಸುವ ಪ್ರಮೇಯವೇ ಬರಲಿಲ್ಲ. ಅವನು ಗಟಗಟನೆ ಕುಡಿದು ಗಡ್ಡ ಒರೆಸಿಕೊಂಡ. "ಯಾಕೆ, ಏನಾಯ್ತು?" ಎಂದು ಕ್ಲಿಫರ್ಡ್ ನಮ್ಮೆಲ್ಲರ ಮುಖ ನೋಡಿದ. ಆ ಮುಖಕ್ಕೆ ಬೈಯಲಿಕ್ಕೂ ನನ್ನ ಕೈಲಾಗಲಿಲ್ಲ.

ಆಮೇಲಿನದು ಹೇಳುವಂಥದ್ದಲ್ಲ. ಗುಟ್ಟು ಬಯಲಾಯಿತು, ಹೊಡೆದಾಟವಾಯಿತು, ರೀಟಾಳ ಮಾಟಗಾತಿ ಬಿದ್ದಳು, ಧರ್ಮಯೋಧನೂ ಬಿದ್ದ. ಹಾಮ್ರಿಕ್ ಒಬ್ಬನೇ ಉಳಿದ. ಅವನನ್ನೂ ಮುಗಿಸಬೇಕಾದ ಹೊತ್ತಿನಲ್ಲಿ ವರ್ನ್ ದಾಳವನ್ನು ಕೈಯಲ್ಲೇ ಹಿಡಿದು ಕೂತ. ಆಮೇಲೆ ನನ್ನ ಮುಖ ನೋಡದೆ, "ದೊರೆ ಕುಳ್ಳನನ್ನ ಕೊಲ್ಲಲ್ಲ ಆಂಟಿ. ಸರಪಳಿ ಹಾಕಿ ಕೆಳಗಿನ ಸೆರೆಮನೆಗೆ ತಳ್ಳಿಸ್ತಾನೆ. ಜೀವ ಉಳೀತು" ಎಂದ. ನನಗೆ ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡಿದ್ದ, ಪಾಪ. ನನಗೆ ಮೈಯೆಲ್ಲ ಉರಿದುಹೋಯಿತು. "ಒಳಗೆ ಹಾಕಿಸ್ಕೊಂಡವನು ನಂಗೆ ಒಬ್ಬ ಸಾಕು ವರ್ನ್. ಇವನನ್ನ ಕೊಂದ್ಬಿಡು. ಈಗ್ಲೇ ದಾಳ ಹಾಕು" ಎಂದೆ. ವರ್ನ್ ದಾಳವನ್ನು ಜೇಬಿಗೆ ಹಾಕಿಕೊಂಡ. "ಪಾತ್ರ ಲೈಲ್‌ದು ಆಂಟಿ. ಅವನ ಮಾತಿಲ್ಲದೆ ನಾನು ಸಾಯಿಸಲ್ಲ. ಬರೆದು ಕೇಳಿ" ಎಂದ. ಈ ಪತ್ರ ಅದಕ್ಕೇ.

ಆ ಸೆರೆಮನೆಗೆ ಕಿಟಕಿ ಇಲ್ಲವಂತೆ. ತಪ್ಪಿಸಿಕೊಳ್ಳುವ ದಾರಿಯಿದೆಯೇ ಎಂದು ಕೇಳಿದೆ. ವರ್ನ್ ಸುಳ್ಳು ಹೇಳಲು ಬಾರದವನು, ಇಲ್ಲ ಎಂದ. ಬಿಡಿಸಲು ಹೋಗುವವರು ಯಾರೂ ಉಳಿದಿಲ್ಲ. ಅಂಥ ಕಡೆ ಅವನನ್ನು ಕೂರಿಸಿಟ್ಟು ನಾನು ಇಲ್ಲಿ ಹೊಟ್ಟೆತುಂಬ ಹೇಗೆ ತಿನ್ನಲಿ? ಮುಗಿಸಲಿ ಎಂದು ನೀನು ಒಂದು ಸಾಲು ಬರೆದು ಕಳಿಸು. ವೀರನಾಗಿಯೇ ಹೋಗಲಿ.

ರೀಟಾ ನಿನ್ನನ್ನು ಕೇಳಿದಳು. ಕ್ಲಿಫರ್ಡ್ ದಿನಾ ಫೋನ್ ಮಾಡಿ ನನ್ನಲ್ಲಿ ಕ್ಷಮೆ ಕೇಳುತ್ತಾನೆ, ನಿನಗಾಗಿ ಪ್ರಾರ್ಥನೆ ಮಾಡುತ್ತೇನೆ ಎನ್ನುತ್ತಾನೆ. ಅವನ ಪ್ರಾರ್ಥನೆ ಸಾಕು ಎಂದಿದ್ದೇನೆ. ದೇವರು ನಿನ್ನನ್ನು ಕಾಯಲಿ, ಮಗಾ.

ನಿನ್ನ ತಾಯಿ,
ಅರ್ಡಿಸ್

ತಾ.ಕ.: ಅಂಟಿಸಿದ ಲಕೋಟೆಯನ್ನು ಹರಿದು ಇದನ್ನು ಬರೆಯುತ್ತಿದ್ದೇನೆ. ಮೇಲೆ ಕೇಳಿದ್ದನ್ನು ಬಿಟ್ಟುಬಿಡು. ಸಾಯಿಸಿ ಎಂದು ಬರೆಯಬೇಡ ಲೈಲ್. ನಿನ್ನ ಕೈಬರಹದಲ್ಲಿ ಆ ಮಾತನ್ನು ನಾನು ಓದಲಾರೆ. ಬಾಗಿಲು ತೆರೆಯುವುದಿಲ್ಲ ಎಂದು ನನಗೂ ಗೊತ್ತು, ತೆರೆಯುತ್ತದೆ ಎಂದು ನಿನ್ನನ್ನು ನಂಬಿಸುವುದಿಲ್ಲ. ಆದರೂ ಅವನು ಅಲ್ಲೇ ಇರಲಿ, ಕತ್ತಲಲ್ಲೇ ಇರಲಿ. ನೀನೂ ಇರು. ನಾನು ಇರುವವರೆಗಾದರೂ ಇರು.