ನಾಲ್ಕನೇ ಲೇನಿನ ಸುತ್ತಳತೆ

ಲಷ್ಕರ್ ಮೊಹಲ್ಲಾ, ಮೈಸೂರು
೮ ಡಿಸೆಂಬರ್ ೨೦೨೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಜಾನ್ಸಿ ಅಕ್ಕಾ,

ಹೇಗಿದ್ದೀಯ? ಹಿಮ್ಮಡಿಯ ಬೊಬ್ಬೆ ಒಣಗಿತಾ? ಪೊಲೀಸ್ ಬೂಟು ಕಚ್ಚುತ್ತದೆ ಅಂತ ನೀನು ಹೇಳಿದ ದಿನದಿಂದ ಅಮ್ಮ ಜಪಸರ ಮುಗಿದ ಮೇಲೆ ನಿನ್ನ ಹಿಮ್ಮಡಿಗೆ ಅಂತಲೇ ಬೇರೆ ಒಂದು ಪ್ರಾರ್ಥನೆ ಸೇರಿಸಿಕೊಂಡಿದ್ದಾಳೆ. ಕಲಬುರಗಿಯಲ್ಲೂ ಬೆಳಗಿನ ಹೊತ್ತು ಚಳಿ ಇದೆಯಂತೆ, ಪರೇಡಿಗೆ ಹೋಗುವ ಮುಂಚೆ ಏನಾದರೂ ಬಿಸಿಯಾಗಿ ಕುಡಿ. ನಿಮ್ಮ ಟ್ರೈನಿಂಗ್ ಸ್ಕೂಲಿನಲ್ಲಿ ವಾರಕ್ಕೆ ಹತ್ತು ನಿಮಿಷ ಫೋನು ಕೊಡುತ್ತಾರೆ. ಅದರಲ್ಲಿ ಎಂಟು ನಿಮಿಷ ಅಮ್ಮನ ಮಾತು, ಒಂದೂವರೆ ನಿಮಿಷ ಅಮ್ಮನ ಅಳು, ಉಳಿದ ಅರ್ಧ ನಿಮಿಷದಲ್ಲಿ ನಾನು ಹಲೋ ಅನ್ನುವಷ್ಟರಲ್ಲಿ ನಿಮ್ಮ ವಿಸಿಲ್ ಊದಿಬಿಡುತ್ತದೆ. ಅಪ್ಪ ಎಂದಿನಂತೆ ಫೋನಿನ ಹತ್ತಿರ ಬರುವುದಿಲ್ಲ. ಬಾಗಿಲಲ್ಲಿ ಕೂತು ಶೂ ಲೇಸು ಕಟ್ಟುತ್ತಾರೆ, ಬಿಚ್ಚುತ್ತಾರೆ, ಮತ್ತೆ ಕಟ್ಟುತ್ತಾರೆ. ಎಲ್ಲಿಗೂ ಹೋಗುವುದಿಲ್ಲ. ಅದಕ್ಕೇ ಈ ಕಾಗದ. ನನ್ನ ಕನ್ನಡ ನೋಡಿ ನಗಬೇಡ ಅಕ್ಕ, ಎಂಟು ವರ್ಷ ಇಂಗ್ಲಿಷ್ ಹಾಸ್ಟೆಲ್‌ನಲ್ಲಿ ಬೆಳೆದವನು, ಒಂದೊಂದು ಒತ್ತಕ್ಷರ ಬರೆಯುವಾಗಲೂ ಮೈ ಬೆವರುತ್ತದೆ.

ಕೆಟ್ಟ ಸುದ್ದಿ ಮೊದಲೇ ಹೇಳಿಬಿಡುತ್ತೇನೆ. ಫಸ್ಟ್ ಇಂಟರ್ನಲ್ಸ್‌ನಲ್ಲಿ ಮ್ಯಾಥ್ಸ್ ನನಗೆ ಐವತ್ತಕ್ಕೆ ಒಂಬತ್ತು. ನನ್ನ ಬೆಂಚಿನ ನಿಶಾಂತ್‌ಗೆ ನಲವತ್ತಾರು. ಪಾಪ, ಅವನು ಒಳ್ಳೆಯವನು, ಪಕ್ಕಕ್ಕೆ ಕರೆದುಕೊಂಡು ಹೋಗಿ ಸಮಾಧಾನ ಹೇಳಿದ, ಅದು ಒಂಬತ್ತಕ್ಕಿಂತ ಜಾಸ್ತಿ ಉರಿಯಿತು. ಆ ಪೇಪರನ್ನು ಮನೆಯಲ್ಲಿ ಯಾರಿಗೂ ತೋರಿಸದೆ ಹತ್ತು ದಿನ ಬ್ಯಾಗಿನಲ್ಲೇ ಹೊತ್ತುಕೊಂಡು ತಿರುಗಿದೆ. ಎಂಜಿನಿಯರಿಂಗ್ ನನ್ನ ಕೈಯಲ್ಲಿ ಆಗುವ ಕೆಲಸ ಅಲ್ಲ, ಬಿಟ್ಟುಬಿಡುತ್ತೇನೆ ಅಂತ ಅಮ್ಮನಿಗೆ ಹೇಳುವುದನ್ನು ಕನ್ನಡಿ ಮುಂದೆ ಪ್ರಾಕ್ಟೀಸ್ ಕೂಡ ಮಾಡಿದ್ದೆ. ಹೀಗಿರುವಾಗ ಮೊನ್ನೆ ಶುಕ್ರವಾರ ಅಪ್ಪ, ಭುಜ ಎತ್ತಕ್ಕಾಗ್ತಿಲ್ಲ ಕಣೋ, ಟೇಪು ಹಿಡಿಯೋಕೆ ಬಾ, ಅಂದರು. ಹದಿನಾಲ್ಕಕ್ಕೆ ಅವರ ಸ್ಕೂಲಿನ ಸ್ಪೋರ್ಟ್ಸ್ ಡೇ. ಟ್ರ್ಯಾಕ್ ಹಾಕಬೇಕಿತ್ತು.

ಅಕ್ಕ, ನಿನಗೆ ಇದೆಲ್ಲ ಹುಟ್ಟಿದಾಗಿನಿಂದ ಗೊತ್ತು. ನನಗೆ ಗೊತ್ತಿರಲಿಲ್ಲ. ಅಪ್ಪ ಗ್ರೌಂಡ್‌ಮನ್ ಅಂತ ಹಾಸ್ಟೆಲ್ ಫಾರಂನಲ್ಲಿ ಬರೆಯುತ್ತಿದ್ದೆ, ಅಷ್ಟೇ. ಅವರು ಆ ಬೋಳು ಮಣ್ಣಿನ ಮಧ್ಯೆ ಒಂದು ಗೂಟ ಹೊಡೆದರು. ಗೂಟಕ್ಕೆ ಹಗ್ಗ, ಹಗ್ಗದ ತುದಿಗೆ ಒಂದು ಕಬ್ಬಿಣದ ಮೊಳೆ. ಹಗ್ಗವನ್ನು ಬಿಗಿ ಹಿಡಿದು ಬೆನ್ನು ಬಗ್ಗಿಸಿ ಹಿಂದಕ್ಕೆ ಹಿಂದಕ್ಕೆ ನಡೆದರು. ಅವರು ಹೋದ ದಾರಿಯಲ್ಲಿ ಅರ್ಧವೃತ್ತ ಉಳಿಯಿತು. ಒಂದು ಕಡೆಯೂ ಸೊಟ್ಟ ಇಲ್ಲ. ಆ ಕಡೆ ಇನ್ನೊಂದು ಅರ್ಧವೃತ್ತ, ಎರಡನ್ನೂ ಸೇರಿಸಲು ಎರಡು ನೇರ ಗೆರೆ. ನಾನು ಹಿಂದಿನಿಂದ ಸುಣ್ಣದ ಪುಡಿ ಸುರಿಯುತ್ತಾ ಹೋದೆ. ನನ್ನ ಕಾಲೇಜಿನಲ್ಲಿ ಕಂಪ್ಯೂಟರ್ ಎಳೆಯುವ ಚಿತ್ರವನ್ನು ನಮ್ಮಪ್ಪ ಬಗ್ಗಿದ ಬೆನ್ನಿನಲ್ಲಿ ಎಳೆಯುತ್ತಾರೆ ಅಂತ ಗೊತ್ತಾಗಲು ನನಗೆ ಹದಿನೆಂಟು ವರ್ಷ ಬೇಕಾಯಿತು ನೋಡು.

ಒಳಗಿನ ಲೇನಿನಿಂದ ಹೊರಗಿನ ಲೇನಿಗೆ ಹೋದಷ್ಟೂ ತಿರುವು ಉದ್ದವಾಗುತ್ತದೆ, ಆದ್ದರಿಂದ ಹೊರಗಿನವರನ್ನು ಸ್ವಲ್ಪ ಮುಂದೆ ನಿಲ್ಲಿಸಬೇಕು, ಎಲ್ಲರೂ ಒಂದೇ ಕಡೆ ಮುಗಿಸಬೇಕು. ಇದನ್ನು ಅಪ್ಪನೇ ಹೇಳಿಕೊಟ್ಟರು. ಎಷ್ಟು ಮುಂದೆ ಅಂತ ಕೇಳಿದೆ. ಜೇಬಿನಿಂದ ಆ ಹಳೇ ಪಾಕೆಟ್ ಪುಸ್ತಕ ತೆಗೆದರು. ಅವರಿಗೆ ಕೆಲಸ ಕಲಿಸಿದ ಪಿ.ಟಿ. ಮಾಸ್ತರ್ ಚನ್ನಬಸವಯ್ಯನವರು ಬರೆದುಕೊಟ್ಟಿದ್ದು: ನಾನೂರು ಮೀಟರಿನ ದೊಡ್ಡ ಗ್ರೌಂಡಿಗೆ, ಲೇನ್ ಅಗಲ ನಾಲ್ಕಡಿ ಇದ್ದರೆ, ಒಂದು ಸುತ್ತಿಗೆ ಒಂದೊಂದು ಲೇನಿಗೂ ಏಳು ಮೀಟರ್ ಅರವತ್ತೇಳು ಸೆಂಟಿಮೀಟರ್. ಅದರ ಕೆಳಗೆ ಅಪ್ಪನ ಕೈಬರಹದಲ್ಲಿ ಇನ್ನೊಂದು ಸಾಲು: ನಮ್ಮ ಗ್ರೌಂಡು ಇನ್ನೂರು, ಅರ್ಧ, ಆದ್ದರಿಂದ ಮೂರು ಎಂಬತ್ತಮೂರು.

ನನಗೂ ಸರಿಯಾಗಿಯೇ ಕಂಡಿತು. ಗ್ರೌಂಡು ಅರ್ಧ ಆದರೆ ಮುಂದೆ ನಿಲ್ಲಿಸುವ ದೂರವೂ ಅರ್ಧ. ಯಾರಿಗಾದರೂ ಹಾಗೇ ಅನಿಸುತ್ತದೆ. ಆದರೂ ಸುಮ್ಮನೆ, ಒಂಬತ್ತು ತೆಗೆದುಕೊಂಡವನಿಗೆ ಇಷ್ಟಾದರೂ ಬರುತ್ತದಾ ನೋಡೋಣ ಅಂತ ಬ್ಯಾಗಿನಿಂದ ಒಂದು ಹಾಳೆ ತೆಗೆದು, ನೀರಿನ ತೊಟ್ಟಿ ಕಟ್ಟೆ ಮೇಲೆ ಕೂತು ಲೆಕ್ಕ ಮಾಡಿದೆ. ಎರಡು ಅರ್ಧವೃತ್ತ ಸೇರಿದರೆ ಒಂದು ವೃತ್ತ. ಅದರ ಪರಿಧಿ, ಎರಡು ಪೈ ಸಲ ತ್ರಿಜ್ಯ. ಪಕ್ಕದ ಲೇನಿಗೆ ತ್ರಿಜ್ಯ ನಾಲ್ಕಡಿ ಜಾಸ್ತಿ. ದೊಡ್ಡದರಲ್ಲಿ ಚಿಕ್ಕದನ್ನು ಕಳೆದೆ. ಅಕ್ಕಾ, ತ್ರಿಜ್ಯ ಎರಡೂ ಕಡೆ ಇತ್ತು, ಕಳೆದಾಗ ಎರಡೂ ಹೊಡೆದುಹೋಯಿತು. ಉಳಿದದ್ದು ಎರಡು ಪೈ ಸಲ ನಾಲ್ಕಡಿ, ಅಂದರೆ ಏಳು ಅರವತ್ತೇಳು. ಗ್ರೌಂಡು ಎಷ್ಟು ದೊಡ್ಡದು ಅಂತ ಆ ಲೆಕ್ಕ ಕೇಳುವುದೇ ಇಲ್ಲ. ತಪ್ಪಾಗಿದೆ ಅಂತ ಮೂರು ಸಲ ಮಾಡಿದೆ. ನಿನ್ನ ಬಳೆಯ ಸುತ್ತ ನಾಲ್ಕಡಿ ಆಚೆ ಒಂದು ಗೆರೆ ಎಳೆದರೆ ಅದು ಬಳೆಗಿಂತ ಏಳು ಅರವತ್ತೇಳು ಉದ್ದ. ಇಡೀ ಭೂಮಿಯ ಸೊಂಟಕ್ಕೆ ಹಗ್ಗ ಸುತ್ತಿ, ಆಮೇಲೆ ಆ ಹಗ್ಗವನ್ನು ಎಲ್ಲ ಕಡೆಯೂ ನೆಲದಿಂದ ನಾಲ್ಕಡಿ ಮೇಲೆ ಎತ್ತಿ ಹಿಡಿಯಬೇಕು ಅಂದರೂ ಹೆಚ್ಚಿಗೆ ಬೇಕಾಗುವ ಹಗ್ಗ ಏಳು ಮೀಟರ್ ಅರವತ್ತೇಳು ಸೆಂಟಿಮೀಟರ್! ಬಳೆಗೂ ಅಷ್ಟೇ, ಭೂಮಿಗೂ ಅಷ್ಟೇ. ಇಗರ್ಜಿಯ ಪೂಜೆಯಲ್ಲಿ ಗಂಟೆ ಬಾರಿಸಿದಾಗ ಎಲ್ಲರೂ ಒಟ್ಟಿಗೆ ಸುಮ್ಮನಾಗುತ್ತಾರಲ್ಲ, ನನ್ನ ತಲೆಯೊಳಗೆ ಹಾಗಾಯಿತು.

ಅಪ್ಪನಿಗೆ ತೋರಿಸಲು ಓಡಿದೆ. ನನ್ನ ಕರ್ಮ, ಆ ಹಾಳೆ ಇಂಟರ್ನಲ್ಸ್ ಪೇಪರಿನ ಹಿಂಬದಿ. ಅಪ್ಪ ಲೆಕ್ಕ ನೋಡುವ ಮುಂಚೆ ಹಾಳೆ ತಿರುಗಿಸಿದರು. ಇದ್ಯಾರ್ದು ಒಂಬತ್ತು, ಅಂದರು. ನಂದು, ಅಂದೆ. ಸ್ವಲ್ಪ ಹೊತ್ತು ನೋಡಿ, ಒಂಬತ್ತು ತಗೊಂಡೋನು ನಂಗೆ ಲೆಕ್ಕ ಹೇಳ್ಕೊಡೋಕೆ ಬಂದ್ಬುಟ್ಟ, ಮೂವತ್ತು ವರ್ಷದಿಂದ ಗೆರೆ ಎಳೀತಿದ್ದೀನಿ ಕಣೋ, ಬುಡು ಬುಡು, ಪುಡಿ ಸುರಿ, ಅಂದರು. ನಾನು ಪುಡಿ ಸುರಿದೆ.

ಅವತ್ತು ಸಂಜೆ ಅಮ್ಮ ಕ್ರಿಸ್ಮಸ್ ಗೋದಲಿಯಲ್ಲಿ ಬಾಲಯೇಸುವಿನ ಕೆಳಗೆ ಹಾಸಲು ಒಂದು ದುಂಡನೆ ಹಾಸು ಹಾಕುತ್ತಿದ್ದಳು, ಬಿಳಿ ನೂಲು, ಕ್ರೋಶಾ ಕಡ್ಡಿ. ನಾನು ಮುಖ ಊದಿಸಿಕೊಂಡು ಪಕ್ಕದಲ್ಲಿ ಕೂತಿದ್ದೆ. ಬಾಯಲ್ಲಿ ಎಣಿಸುತ್ತಾ ಹಾಕುತ್ತಿದ್ದಳು. ಏನಮ್ಮ ಎಣಿಸೋದು ಅಂತ ಕೇಳಿದ್ದಕ್ಕೆ, ಪ್ರತಿ ಸುತ್ತಿಗೂ ಆರು ಸ್ಟಿಚ್ ಜಾಸ್ತಿ ಮಾಡಬೇಕು, ಅಂದಳು. ಹಾಸು ದೊಡ್ಡದಾದ ಹಾಗೆ ಆರು ಸಾಲುತ್ತಾ ಅಂದೆ. ಅಮ್ಮ ನನ್ನನ್ನು ಪೆದ್ದನ ಥರ ನೋಡಿದಳು. ದೊಡ್ಡದಾಗ್ಲಿ ಚಿಕ್ಕದಾಗ್ಲಿ ಆರೇ ಕಣೋ, ಕಮ್ಮಿ ಮಾಡಿದ್ರೆ ಅಂಚು ಎದ್ದು ಬೋಗುಣಿ ಆಗ್ಬುಡುತ್ತೆ, ನಮ್ಮಜ್ಜಿನೂ ಆರೇ ಹಾಕ್ತಿದ್ಳು. ಒಂದು ಸುತ್ತು ಹಾಕಿದರೆ ತ್ರಿಜ್ಯ ಒಂದು ಸ್ಟಿಚ್ ಜಾಸ್ತಿ, ಎರಡು ಪೈ ಅಂದರೆ ಆರು ಚಿಲ್ಲರೆ, ಅಕ್ಕ! ನಾನು ತೊಟ್ಟಿ ಕಟ್ಟೆ ಮೇಲೆ ಕೂತು ಕಂಡುಹಿಡಿದದ್ದನ್ನು ನಮ್ಮ ಮುತ್ತಜ್ಜಿ ಇಗರ್ಜಿಯ ಹಾಸಿನಲ್ಲಿ ಹಾಕಿಟ್ಟು ಹೋಗಿದ್ದಳು. ಅಪ್ಪ ಮೂಲೆಯಲ್ಲಿ ಕೂತು ಭುಜಕ್ಕೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ತಿಕ್ಕುವುದು ನಿಂತಿತು. ಎದ್ದು ಬಂದು ಆ ಹಾಸನ್ನು ಎತ್ತಿ ನೋಡಿದರು, ನಡುವಿನ ಸಣ್ಣ ಸುತ್ತು, ಅಂಚಿನ ದೊಡ್ಡ ಸುತ್ತು, ಎರಡಕ್ಕೂ ಬೆರಳಿಟ್ಟು ನೋಡಿದರು. 

ನಿನ್ನೆ ಬೆಳಗ್ಗೆ ಆರಕ್ಕೆ ಅಪ್ಪ ನನ್ನನ್ನು ಎಬ್ಬಿಸಿದರು. ಬಾ, ಅಳೆದೇ ಬುಡಾಣ, ಅಂದರು. ಐವತ್ತು ಮೀಟರಿನ ಬಟ್ಟೆ ಟೇಪು, ಒಂದು ಡಬ್ಬಿ ಮೊಳೆ. ನಾಲ್ಕನೇ ಲೇನನ್ನೇ ಹಿಡಿದರು, ಆ ಗ್ರೌಂಡಿಗೆ ಅದೇ ಕೊನೆಯ ಲೇನು. ಅವರದೇ ಲೆಕ್ಕದ ಸ್ಟಾರ್ಟಿಂಗ್ ಗುರುತಿನಿಂದ ಶುರು ಮಾಡಿ, ತಿರುವಿನಲ್ಲಿ ಹೆಜ್ಜೆಗೊಂದು ಮೊಳೆ ಚುಚ್ಚಿ ಟೇಪನ್ನು ಬಾಗಿಸುತ್ತಾ ಹೋದೆವು. ಒಂದು ಟೇಪು, ಎರಡು, ಮೂರು. ನಾಲ್ಕನೆಯದು ಮುಗಿದಾಗ ಇನ್ನೂರು ಮೀಟರ್ ಆಯಿತು. ಫಿನಿಶ್ ಗೆರೆ ಇನ್ನೂ ದೂರದಲ್ಲಿತ್ತು. ಅಪ್ಪ ಟೇಪಿನ ತುದಿಯನ್ನು ನೆಲಕ್ಕೆ ಒತ್ತಿ ಹಿಡಿದು ಹಾಗೇ ಕುಕ್ಕರುಗಾಲಲ್ಲಿ ಕೂತಿದ್ದರು. ನಾನು ಉಳಿದದ್ದನ್ನು ಅಳೆದೆ. ಹನ್ನೊಂದೂವರೆ ಮೀಟರ್.

ನಾನು ಗೆದ್ದೆ ಅಂತ ಕುಣಿಯಬೇಕು ಅಂದುಕೊಂಡಿದ್ದೆ, ಅಷ್ಟರಲ್ಲಿ ಅವರ ಮುಖ ನೋಡಿದೆ. ಅವರು ಗೆರೆ ಕಡೆ ನೋಡುತ್ತಾ ಮೆಲ್ಲಗೆ, ಜಾನ್ಸಿ ನಾಲ್ಕನೇ ಲೇನು, ಅಂದರು.

ಅಕ್ಕ, ಆ ದಿನ ನಾನು ಹಾಸ್ಟೆಲ್‌ನಲ್ಲಿದ್ದೆ, ಏಳು ವರ್ಷ ಆಯಿತು, ಅಮ್ಮ ಹೇಳಿದ್ದಷ್ಟೇ ನನಗೆ ಗೊತ್ತು. ತಾಲೂಕು ಆಯ್ಕೆ ಇದೇ ಗ್ರೌಂಡಿನಲ್ಲಿ ನಡೆಯಿತು, ಇನ್ನೂರು ಮೀಟರ್, ಮೊದಲು ಬಂದವಳಿಗೆ ಮಾತ್ರ ಸ್ಪೋರ್ಟ್ಸ್ ಹಾಸ್ಟೆಲ್. ಚೀಟಿಯಲ್ಲಿ ನಿನಗೆ ನಾಲ್ಕನೇ ಲೇನು ಬಂತು. ಒಂದನೇ ಲೇನಿನ ಸಮನ್ವಿತಾ ನಿನಗಿಂತ ಒಂದು ಮೊಳ ಮುಂದೆ ಮುಗಿಸಿದಳು. ಅಪ್ಪಾ ಇದು ಇನ್ನೂರಲ್ಲ, ಜಾಸ್ತಿ ಇದೆ ಅನ್ಸುತ್ತೆ, ಅಂತ ನೀನು ಅಂದೆಯಂತೆ. ಎಲ್ಲರ ಎದುರಿಗೆ ಅಪ್ಪ, ಸೋತೋರಿಗೆಲ್ಲ ಗ್ರೌಂಡು ಉದ್ದಾನೇ ಕಣಮ್ಮ, ಕೊನೇಲಿ ಪಕ್ಕಕ್ಕೆ ತಿರುಗಿ ನೋಡ್ದೆ, ಅದಕ್ಕೇ ಹೋಯ್ತು, ಅಂದರಂತೆ. ನೀನು ಸ್ಪೈಕ್ ಶೂ ಕಟ್ಟಿ ಅಟ್ಟಕ್ಕೆ ಎಸೆದೆ. ಆಮೇಲೆ ನೀವಿಬ್ಬರೂ ಊಟ ಆಯ್ತಾ ಅನ್ನುವುದಕ್ಕಿಂತ ಹೆಚ್ಚು ಮಾತಾಡಿದ್ದನ್ನು ನಾನು ಕೇಳಿಲ್ಲ. ಹೋದ ವಾರ ಸ್ಪೀಕರಿಗೆ ಹಾಕಿದ್ದ ಫೋನಿನಲ್ಲಿ, ಪೊಲೀಸ್ ಕ್ರೀಡಾಕೂಟದ ನಾನೂರು ಮೀಟರ್ ಆಯ್ಕೆಗೆ ಹೆಸರು ಕೊಡು ಅಂತ ಡ್ರಿಲ್ ಕಲಿಸೋ ಚಂದ್ರಮತಿ ಮೇಡಂ ಹಿಂದೆ ಬಿದ್ದಿದ್ದಾರೆ, ನಾನು ಕೊಡಲ್ಲ, ಕೊನೇಲಿ ತಿರುಗಿ ನೋಡೋಳು ನಾನು, ಅಂತ ಅಮ್ಮನಿಗೆ ಹೇಳಿದೆಯಲ್ಲ, ಆಗ ಬಾಗಿಲಲ್ಲಿದ್ದ ಅಪ್ಪನ ಲೇಸು ಕೈಯಲ್ಲೇ ಉಳಿಯಿತು.

ನೀನು ತಿರುಗಿದ್ದಕ್ಕೆ ಸೋತಿದ್ದಲ್ಲ ಅಕ್ಕ. ನೀನು ಓಡಿದ್ದು ಇನ್ನೂರ ಹನ್ನೊಂದೂವರೆ ಮೀಟರ್. ಸಮನ್ವಿತಾ ಓಡಿದ್ದು ಇನ್ನೂರು. ಹದಿನೈದು ವರ್ಷದ ನೀನು ಹನ್ನೊಂದೂವರೆ ಮೀಟರ್ ಜಾಸ್ತಿ ಓಡಿಯೂ ಬರೀ ಒಂದು ಮೊಳಕ್ಕೆ ಹಿಂದೆ ಬಿದ್ದೆ! ನಾನು ಇದನ್ನು ಯೋಚಿಸಿ ಯೋಚಿಸಿ ನಿನ್ನೆ ರಾತ್ರಿ ಊಟದ ತಟ್ಟೆ ಮುಂದೆ ಕೈ ಒಣಗಿಸಿಕೊಂಡು ಕೂತಿದ್ದೆ. ಭೂಮಿಯ ಹಗ್ಗ ದೊಡ್ಡ ಆಶ್ಚರ್ಯ ಅಂದುಕೊಂಡಿದ್ದೆ, ಇದು ಅದಕ್ಕಿಂತ ದೊಡ್ಡದು. ನಿನ್ನ ಕಾಲಿಗೆ ಅವತ್ತೇ ಗೊತ್ತಾಗಿತ್ತು ನೋಡು, ಪೈ ಇಲ್ಲ, ಟೇಪು ಇಲ್ಲ, ಬರೀ ಕಾಲಿಗೆ. ಆ ಸ್ಕೂಲಿನ ಮಕ್ಕಳು ನಾಲ್ಕನೇ ಲೇನನ್ನು ಶನಿ ಲೇನು ಅನ್ನುತ್ತಾರಂತೆ, ಅದರಲ್ಲಿ ಓಡಿದವರು ಗೆಲ್ಲುವುದೇ ಇಲ್ಲವಂತೆ. ಅಪ್ಪ ಇಷ್ಟು ವರ್ಷ ಅದಕ್ಕೆ ನಗುತ್ತಿದ್ದರು.

ನಿನ್ನೆ ಅವರು ಆ ಇನ್ನೂರರ ಗುರುತಿನಿಂದ ಎದ್ದು, ಫಿನಿಶ್ ಗೆರೆಯ ತನಕ ನಡೆದರು. ನಿಧಾನಕ್ಕೆ, ಲೇನಿನ ಒಳಗೇ, ಗೆರೆ ತುಳಿಯದ ಹಾಗೆ. ಅಲ್ಲಿಂದ ತಿರುಗಿ ಬಂದು ಎಲ್ಲ ಸ್ಟಾರ್ಟಿಂಗ್ ಗುರುತುಗಳನ್ನೂ ಪೊರಕೆಯಿಂದ ಅಳಿಸಿ, ನೀನು ಹೇಳು, ನಾನು ಹಾಕ್ತೀನಿ, ಅಂದರು. ಏಳು ಅರವತ್ತೇಳು, ಹದಿನೈದು ಮೂವತ್ತಮೂರು, ಇಪ್ಪತ್ತಮೂರು. ನಾನು ಹೇಳುತ್ತಾ ಹೋದೆ, ಅವರು ಹಾಕುತ್ತಾ ಹೋದರು. ಮನೆಗೆ ಬರುವಾಗ ಒಂದೇ ಮಾತು: ಜಾನ್ಸಿಗೆ ನೀನು ಹೇಳ್ಬೇಡ, ನಾನೇ ಹೇಳ್ಬೇಕು, ಫೋನಲ್ಲಿ ಹೇಳೋ ಮಾತಲ್ಲ ಇದು. ಆದರೆ ನಿನ್ನ ಆಯ್ಕೆ ಹದಿನೇಳಕ್ಕೆ, ಹೆಸರು ಕೊಡಲು ಹದಿನಾರು ಕೊನೆ. ಅಪ್ಪ ಮಾತು ಶುರು ಮಾಡಲು ತೆಗೆದುಕೊಳ್ಳುವ ಟೈಮು ನಿನಗೆ ಗೊತ್ತೇ ಇದೆ. ಅದಕ್ಕೇ ಅವರು ಮಲಗಿರುವಾಗ ಕದ್ದು ಬರೆಯುತ್ತಿದ್ದೇನೆ. ಹೆಸರು ಕೊಡು ಅಕ್ಕ. ನಾನೂ ಕಾಲೇಜು ಬಿಡುವ ವಿಷಯ ಅಮ್ಮನಿಗೆ ಹೇಳಿಲ್ಲ, ಸೆಕೆಂಡ್ ಇಂಟರ್ನಲ್ಸ್ ಆಗಲಿ ಅಂತ ಇಟ್ಟುಕೊಂಡಿದ್ದೇನೆ. ನಿನ್ನ ಎಸ್ಎಸ್ಎಲ್‌ಸಿ ಗಣಿತದ ಪುಸ್ತಕ ನನ್ನ ಹತ್ತಿರ ಇದೆ, ಅದರಿಂದಲೇ ಪರಿಧಿ, ತ್ರಿಜ್ಯ ಅನ್ನುವ ಪದ ಕಲಿತಿದ್ದು, ವೃತ್ತದ ಪಾಠದಲ್ಲಿ ನೀನು ಬರೆದ ಓಡುವ ಹುಡುಗಿಯ ಚಿತ್ರ ಹಾಗೇ ಇದೆ.

ಅಮ್ಮ ನಿನ್ನ ಹಣೆಗೆ ಶಿಲುಬೆ ಗುರುತು ಹಾಕಿದ್ದೇನೆ ಅಂತ ಬರಿ ಅಂದಿದ್ದಾಳೆ, ಹಾಕಿದಳು ಅಂದುಕೋ. ಚಂದ್ರಮತಿ ಮೇಡಮ್ಮಿಗೆ ನನ್ನ ನಮಸ್ಕಾರ. ಬೊಬ್ಬೆ ಕೀಳಬೇಡ.

ನಿನ್ನ ಪ್ರೀತಿಯ ತಮ್ಮ,
ಜೋಶುವಾ

ಮರೆತದ್ದು: ಅಯ್ಯೋ, ಅಪ್ಪ ಎದ್ದುಬಿಟ್ಟರು. ಕಾಗದ ಕಿತ್ತುಕೊಂಡು ನಿಂತೇ ಪೂರ್ತಿ ಓದಿದರು. ಬೈಯಲಿಲ್ಲ. ನಾಳೆ ನಾನೇ ಸ್ಪೀಡ್ ಪೋಸ್ಟ್ ಮಾಡ್ತೀನಿ ಕೊಡು ಅಂದರು. ಹದಿನೈದರ ಕಲಬುರಗಿ ರೈಲಿಗೆ ಟಿಕೆಟ್ ಆಗಲೇ ಮಾಡಿಸಿಟ್ಟಿದ್ದಾರಂತೆ, ನಮಗೆ ಯಾರಿಗೂ ಹೇಳಿರಲಿಲ್ಲ. ಈಗ ಬ್ಯಾಗಿಗೆ ಟೇಪು ಹಾಕುತ್ತಿದ್ದಾರೆ, ಮೊಳೆ ಡಬ್ಬಿಯನ್ನೂ, ನನ್ನ ಒಂಬತ್ತರ ಪೇಪರನ್ನೂ, ಅಟ್ಟದಿಂದ ಇಳಿಸಿದ ನಿನ್ನ ಸ್ಪೈಕ್ ಶೂವನ್ನೂ. ಯಾವ ಲೇನಾದ್ರೂ ಬರ್ಲಿ, ಹೆದರ್ಬೇಡ ಅಂತ ಬರಿ, ಅನ್ನುತ್ತಿದ್ದಾರೆ. ಹದಿನೇಳರ ಬೆಳಗ್ಗೆ ಓಟಕ್ಕೆ ಮುಂಚೆ ಒಂದು ಗಂಟೆ ಅವರನ್ನು ಗ್ರೌಂಡಿನೊಳಗೆ ಬಿಡುತ್ತಾರಾ ಅಂತ ಮೇಡಂ ಹತ್ತಿರ ಕೇಳಿಡು.