ನಾಲ್ಕು ಲಕ್ಷ ಚುಕ್ಕಿಗಳ ಅಕ್ಕ

ಮಾರ್ಚ್ 6, ಗುರುವಾರ. ಬೆಳಗ್ಗೆ 10.20

ಸಕಲರಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ — ಕಂಟ್ರೋಲ್ ರೂಮಿನ ತಿರುಗುಕುರ್ಚಿ ಇಂದು ಬೆಳಗ್ಗೆ ಒಂಬತ್ತೂಮುಕ್ಕಾಲಿಗೆ ಕಿರುಗುಟ್ಟುವುದನ್ನು ನಿಲ್ಲಿಸಿತು. ಮೂರು ತಿಂಗಳ ಹೋರಾಟ. ಹೊಲಿಗೆ ಮೆಷಿನ್ನಿನ ಎಣ್ಣೆ, ಮೂರೇ ತೊಟ್ಟು. ಸನ್ಮಾನ ಸಮಾರಂಭ ಇಟ್ಟುಕೊಂಡಿಲ್ಲ. ಹಾರ ತರುವವರು ಹಾರದ ಬದಲು ಒಂದು ಎಕ್ಸ್‌ಟೆನ್ಷನ್ ಬೋರ್ಡ್ ತಂದರೆ ಉಪಕಾರ.

ಇದನ್ನು ಯಾರೂ ಓದುವುದಿಲ್ಲ. ಆದರೂ ಘೋಷಣೆ ಅಂದಮೇಲೆ ಒಂದು ಗತ್ತು ಬೇಡವೇ?

ನಾಳೆ ಮೂವತ್ತೊಂದನೇ ಶೋ. ಒಟ್ಟು ನಲವತ್ತು, ವಾರಕ್ಕೆ ಮೂರು — ಶುಕ್ರ, ಶನಿ, ಭಾನು. ಗ್ರೀಕರ ಪುರಾಣ. ಹೆಂಡತಿ ಹಾವು ಕಚ್ಚಿ ಸಾಯುತ್ತಾಳೆ. ಗಂಡ ವಾದ್ಯ ಹಿಡಿದು ಪಾತಾಳಕ್ಕೇ ಇಳಿಯುತ್ತಾನೆ. ನುಡಿಸಿದ್ದು ಕೇಳಿ ಸತ್ತವರ ರಾಜನೂ ಕರಗಿ, ಕರಕೊಂಡು ಹೋಗಪ್ಪ ಅನ್ನುತ್ತಾನೆ. ಒಂದೇ ಷರತ್ತು — ಬೆಳಕಿಗೆ ಬರುವವರೆಗೆ ಅವಳನ್ನು ತಿರುಗಿ ನೋಡಬೇಡ. ಗಂಡಸಿಗೆ ಒಂದು ಮಾತು ಹೇಳಿದರೆ ಕೇಳುವುದುಂಟೇ? ಹೊಸ್ತಿಲಲ್ಲಿ ತಿರುಗಿದ. ಅವಳು ಹೋದಳು.

ನಮ್ಮಲ್ಲಿ ಗಂಡ ಅಂದರೆ ಭಾವ. ವಯೊಲಿನ್. ಹೆಂಡತಿ ಅಂದರೆ ಅಕ್ಕ. ಭಾವನ ಬೆನ್ನ ಹಿಂದೆ ಸೊಳ್ಳೆಪರದೆಯಷ್ಟು ತೆಳುವಾದ ಬಟ್ಟೆ, ಅದರ ಮೇಲೆ ಬೆಳಕಿನ ಚುಕ್ಕಿಗಳಲ್ಲಿ ಅಕ್ಕ. ಮೈತುಂಬ ಸೆನ್ಸರ್ ಅಂಟಿಸಿಕೊಂಡು ಅವಳು ನಡೆದದ್ದನ್ನು ಸ್ಟುಡಿಯೋದಲ್ಲಿ ಹಿಡಿದು, ಚುಕ್ಕಿ ಮಾಡಿದ್ದು ನಾನು. ಕಮಾನು ಓಡಿದರೆ ನಡೆಯುತ್ತಾಳೆ. ನಿಂತರೆ ನಿಲ್ಲುತ್ತಾಳೆ. ಭಾವನ ಬೆಲ್ಟಿನಲ್ಲೂ ಒಂದು ಸೆನ್ಸರ್ — ಅವರು ತಿರುಗಿದ ಕೂಡಲೇ ನಾಲ್ಕು ಸೆಕೆಂಡಿನಲ್ಲಿ ಚೆದುರಿಹೋಗುತ್ತಾಳೆ. ಹಾಗೆ ಚೆದುರಿದಾಗಲೆಲ್ಲ ಹತ್ತು ಸಾವಿರ ಚುಕ್ಕಿ ಶಾಶ್ವತವಾಗಿ ಹೋಗುತ್ತವೆ. ಫೈಲಿನಿಂದಲೇ ಅಳಿಸಿಹೋಗುತ್ತವೆ.

ಇದು ಅಕ್ಕನದೇ ಹಟ. "ಸತ್ತವಳು ದಿನಾ ಸಂಜೆ ಆರಕ್ಕೆ ಫ್ರೆಶ್ ಆಗಿ ಬಂದ್ರೆ ಅದು ಸಾವಲ್ಲ ಕಣೇ, ಡ್ಯೂಟಿ." ನಾಲ್ಕು ಲಕ್ಷ ಚುಕ್ಕಿ, ನಲವತ್ತು ಶೋ. ಎಲ್ಲರೂ ನಕ್ಕಿದ್ದೆವು. ಮೂರನೇ ಶೋ ಹೊತ್ತಿಗೆ ಅವಳು ಆಸ್ಪತ್ರೆಯಲ್ಲಿದ್ದಳು. ಆರನೆಯದರ ಹೊತ್ತಿಗೆ ಅವಳೇ ಇರಲಿಲ್ಲ.

ಮಿಕ್ಕಿರುವುದು ಒಂದು ಲಕ್ಷ.

ಮಾರ್ಚ್ 7. ಸಂಜೆ 7.30

ಶೋ ಮುಗಿಯಿತು. ಮುಂದಿನ ಸಾಲಿನ ಒಬ್ಬರು ಹುಡುಕಿಕೊಂಡು ಬಂದರು. "ಎರಡನೇ ಸಲ ನೋಡ್ತಿರೋದು ರೀ. ಆ ಹೆಂಗಸು ಸಣ್ಣಗಾಗಿದಾಳಲ್ಲ! ಏನ್ ಐಡಿಯಾ!" ಥ್ಯಾಂಕ್ಸ್ ಅಂದೆ. ವಾರಕ್ಕೆ ಮೂವತ್ತು ಸಾವಿರ ಇಳಿಸುವ ಡಯೆಟ್ಟು, ಬೇಕಾದರೆ ನಿಮಗೂ ಬರೆದುಕೊಡುತ್ತೇನೆ ಅನ್ನಲಿಲ್ಲ.

ಭಾವ ವಯೊಲಿನ್ ಪೆಟ್ಟಿಗೆಗೆ ಇಡುತ್ತ, ಎಂದಿನಂತೆ — "ಹೇಗೆ ನಡೆದಳು?"

"ಚೆನ್ನಾಗಿ ನಡೆದಳು ಭಾವ."

"ಎಡಗಾಲು?"

"ಹಾಗೇ. ಒಂಚೂರು ಎಳೀತಾಳೆ."

ಇನ್ನೂರು ಜನ ಅವಳು ನಡೆಯುವುದನ್ನು ನೋಡುತ್ತಾರೆ. ಭಾವ ಒಬ್ಬರೇ ನೋಡಿಲ್ಲ. ತಿರುಗಿದಾಗ ಅವರಿಗೆ ಕಾಣುವುದು ಚೆದುರುವ ನಾಲ್ಕು ಸೆಕೆಂಡ್ ಅಷ್ಟೇ. ರಿಹರ್ಸಲ್ಲಿನಲ್ಲಿ ನಿಜವಾದವಳೇ ಪಕ್ಕದಲ್ಲಿ ನಿಂತು ಬೈಯುತ್ತಿದ್ದಳು. ಪರದೆ ಯಾರಿಗೆ ಬೇಕಿತ್ತು?

"ನಲವತ್ತು ಮುಗೀಲಿ," ಅಂದರು. "ಆಮೇಲೆ ಮೂಲ ಹಾಕು. ಪೂರ್ತಿ ನಾಲ್ಕು ಲಕ್ಷ. ಪರದೆಗೆ ಎದುರಾಗಿ ಕೂತು ನುಡಿಸ್ತೀನಿ. ಎಷ್ಟೊತ್ತು ಬೇಕೋ ಅಷ್ಟೊತ್ತು. ಇದೆ ತಾನೇ ಮೂಲ?"

"ಮನೇಲಿ, ನನ್ನ ಡ್ರಾಯರ್‌ನಲ್ಲಿ."

"ಅದೊಂದಿದೆ ಅಂತ ದಿನಾ ತಿರುಗ್ತೀನಿ ಕಣೇ. ಇಲ್ಲದಿದ್ರೆ ಕತ್ತು ತಿರುಗ್ತಿರಲಿಲ್ಲ."

ಮಾರ್ಚ್ 10, ಸೋಮವಾರ. ಮಧ್ಯಾಹ್ನ 12.05

ಡ್ರಾಯರ್ ಶುಚಿ ಮಾಡುವ ಮಹತ್ಕಾರ್ಯ ಕೈಗೆತ್ತಿಕೊಂಡೆ. ಸತ್ತ ಬ್ಯಾಟರಿ ಒಂಬತ್ತು. ಯಾವುದಕ್ಕೂ ಸೇರದ ಸ್ಕ್ರೂ ಒಂದು ಹಿಡಿ. ಹಾರ್ಡ್‌ಡಿಸ್ಕ್, ಅದರ ಮೇಲೆ ಅಕ್ಕನ ಕೈಬರಹದ ಚೀಟಿ — "ಅವನಿಗೆ."

ಸುಮ್ಮನೆ ಕಂಪ್ಯೂಟರಿಗೆ ಚುಚ್ಚಿ ನೋಡಿದೆ.

ಎರಡು ಕೆ.ಬಿ.

ನಾಲ್ಕು ಲಕ್ಷ ಚುಕ್ಕಿ ಎರಡು ಕೆ.ಬಿ.ಯಲ್ಲಿ ಹಿಡಿಯುವುದಿಲ್ಲ. ಎರಡು ಕೆ.ಬಿ.ಯಲ್ಲಿ ಹಿಡಿಯುವುದು ಶಾರ್ಟ್‌ಕಟ್. ಅಂದರೆ ಮನೆ ಕೊಡುವ ಬದಲು ಮನೆಯ ವಿಳಾಸ ಬರೆದುಕೊಟ್ಟ ಹಾಗೆ. ಮೊದಲ ಶೋಗೆ ಮುಂಚೆ, ಮೂಲವನ್ನು ಇದಕ್ಕೆ ಕಾಪಿ ಮಾಡಿದ ದಿನ ಆಸ್ಪತ್ರೆಯಿಂದ ಫೋನು ಬಂದಿತ್ತು. ಒಂದು ಕಾಲು ಚಪ್ಪಲಿಯಲ್ಲಿ, ಒಂದು ಕೈ ಮೌಸಿನ ಮೇಲೆ. ಕಾಪಿ ಕಣ್ಣು ಮಿಟುಕಿಸುವುದರಲ್ಲಿ ಮುಗಿಯಿತು. ಎಷ್ಟು ಬೇಗ ಆಯಿತಲ್ಲ ಅಂತ ಖುಷಿಪಟ್ಟಿದ್ದೆ. ಹದಿನಾಲ್ಕು ವರ್ಷದ ಅನುಭವ ನನ್ನದು.

ವಿಳಾಸ ಹಿಡಿದು ಹೋದರೆ ಸಿಗುವ ಮನೆ — ಶೋ ಫೈಲ್. ದಿನಾ ಸಂಜೆ ನಾವೇ ಕೆಡವುತ್ತಿರುವುದು. ನಿನ್ನೆಗೆ ಮೂವತ್ತಮೂರು ಶೋ ಆಯಿತು. ಎಪ್ಪತ್ತು ಸಾವಿರ ಉಳಿದಿದೆ.

ಮಾರ್ಚ್ 11

ಸ್ಟುಡಿಯೋಗೆ ಫೋನ್ ಮಾಡಿದೆ. ಮೂರು ತಿಂಗಳಾದ ಮೇಲೆ ಎಲ್ಲವನ್ನೂ ಅಳಿಸುವುದು ಅವರ ರೂಲು. ಫೋನೆತ್ತಿದವಳು ಬಹಳ ವಿನಯದಿಂದ ಹೇಳಿದಳು. ಆ ವಿನಯ ತೆಗೆದುಕೊಂಡು ಏನು ಮಾಡಲಿ.

ಉಳಿದದ್ದನ್ನಾದರೂ ಕಾಪಿ ಮಾಡೋಣವೆಂದರೆ ಬೀಗ. ಮೂಲ ತೆಗೆದಿಟ್ಟಾಯಿತು ಅಂದುಕೊಂಡ ಮೇಲೆ ನಾನೇ ಬರೆದ ಬೀಗ. "ನಿನಗೆ ಆಸೆ ಬರತ್ತೆ, ನಿನ್ನನ್ನ ನಂಬಲ್ಲ," ಅಂದಿದ್ದಳು ಅಕ್ಕ. ಕಾಪಿ ಆಗಬಾರದು, ನಲವತ್ತು ಸಲಕ್ಕಿಂತ ಹೆಚ್ಚು ತೆರೆಯಬಾರದು. ನನ್ನನ್ನು ಕಿಟಕಿಯ ಕಡೆ ತಿರುಗಿಸಿ ನಿಲ್ಲಿಸಿ ಪಾಸ್‌ವರ್ಡ್ ತಾನೇ ಹೊಡೆದಳು. ಇವತ್ತು ಎಲ್ಲ ಹಾಕಿ ನೋಡಿದೆ. ಹುಟ್ಟಿದ ದಿನ. ಮದುವೆ ದಿನ. ನನ್ನ ಹೆಸರನ್ನೂ ಹಾಕಿದೆ, ನಾಚಿಕೆ ಬಿಟ್ಟು.

ಹಿಂದೊಮ್ಮೆ ಪರದೆಯನ್ನು ಮೊಬೈಲಿನಲ್ಲಿ ಹಿಡಿದಿದ್ದೆ. ಬರೀ ಬಿಳಿ ಮಂಜು.

ಭಾವನಿಗೆ ಹೇಳಬೇಕು. ನಾಳೆ.

ಮಾರ್ಚ್ 14. ಸಂಜೆ 7.40

ಹೇಳಲಿಲ್ಲ. ಅದಕ್ಕಿಂತ ಘನವಾದ ಕೆಲಸ ಮಾಡಿದೆ. ಅಳಿಸುವ ಭಾಗ ಬೀಗದೊಳಗಿದೆ, ಸರಿ. ಬೆಲ್ಟಿನ ಸಿಗ್ನಲ್ ತರುವ ತಂತಿ ನನ್ನ ಟೇಬಲ್ ಮೇಲಿದೆ. ಕಿತ್ತೆ. ಭಾವ ತಿರುಗಿದಾಗ ಕೈಯಲ್ಲೇ ಬೆಳಕು ಇಳಿಸಿದೆ. ಒಂದು ಚುಕ್ಕಿಯೂ ಬೀಳಲಿಲ್ಲ. ಜನ ಚಪ್ಪಾಳೆ ಹೊಡೆದರು.

ಭಾವ ನೆಟ್ಟಗೆ ಮೇಲೆ ಹತ್ತಿ ಬಂದರು. "ಇವತ್ತು ಅವಳು ಚೆದುರಲಿಲ್ಲ. ಮಾಸಿದಳು. ಏನು ಮಾಡಿದೆ?"

"ತಂತಿ ಲೂಸ್..."

"ನನಗೇ ಕತೆ ಕಟ್ಟಬೇಡ."

"ಹತ್ತು ಸಾವಿರ ಉಳಿಸೋಣ ಅಂತ ಭಾವ. ಅಷ್ಟೇ."

"ಯಾಕೆ? ಮೂಲ ಇದೆಯಲ್ಲ?"

ಆ ಪ್ರಶ್ನೆಗೆ ಒಂದೇ ಒಂದು ಸರಿಯುತ್ತರವಿತ್ತು. ನಾನು ತಲೆಯಾಡಿಸಿದೆ. ಇದೆ ಅಂತ.

"ಮತ್ತೆ? ಅವಳು ಹಾಕಿದ ಲೆಕ್ಕ ಇದು. ಸಾಯೋಳು ಕೇಳಿದ್ದು ಇದೊಂದೇ. ಅದರಲ್ಲೂ ಕಳ್ಳಾಟ ಆಡ್ತೀಯಾ?" ಮೆಟ್ಟಿಲ ಹತ್ತಿರ ನಿಂತು, ತಿರುಗದೆ — "ಇವತ್ತಿನದೂ ಸೇರಿಸಿ ನಾಳೆ ಎರಡು ಸಲ ತಿರುಗ್ತೀನಿ."

ಮಾರ್ಚ್ 15

ಎರಡು ಸಲ ತಿರುಗಿದರು. ಇಪ್ಪತ್ತು ಸಾವಿರ.

ಜನಕ್ಕೆ ಬಹಳ ಹಿಡಿಸಿತು. ಹಾಲ್ ಮ್ಯಾನೇಜರ್ ದಿನಾ ಹಾಗೇ ಮಾಡಿ ಅಂದ.

ಮಾರ್ಚ್ 22, ಶನಿವಾರ. ಸಂಜೆ 7.15

ಅಮ್ಮ ಬಂದಿದ್ದಳು. ಇಷ್ಟು ದಿನ ಬರಲ್ಲ ಅಂದವಳು, ಇವತ್ತು ಇಸ್ತ್ರಿ ಮಾಡಿದ ಸೀರೆ ಉಟ್ಟು ಮೊದಲ ಸಾಲಿನಲ್ಲಿ. ಶೋ ಶುರುವಾದಾಗ ಮೂವತ್ತು ಸಾವಿರ. ಮುಖ ಹೋಗಿ ವಾರವಾಯಿತು. ಒಂದು ಹೆಗಲ ಅಂಚು, ಎಡಗೈ, ಮಂಡಿಯಿಂದ ಕೆಳಗೆ ಕಾಲು.

"ಅವಳೇ," ಅಂದಳು ಆಮೇಲೆ. "ಬಾಗಿಲು ದಾಟೋವಾಗ ಹೆಗಲು ಹೀಗೆ ವಾರೆ ಮಾಡ್ತಿದ್ಲು. ಬಾಗಿಲು ಎಷ್ಟು ಅಗಲ ಇದ್ರೂ. ದಂಡಪಿಂಡ." ಕನ್ನಡಕ ಒರೆಸಿಕೊಂಡಳು. ನನ್ನನ್ನು ನೋಡಿದಳು. "ನಿನಗೇನಾಗಿದೆ? ಮುಖ ಹಿಂಡಿದ ಬಟ್ಟೆ ಥರ ಆಗಿದೆ."

ಹೇಳಿದೆ. ಶಾರ್ಟ್‌ಕಟ್ ಅಂದರೆ ಏನು ಅಂತ ವಿವರಿಸಬೇಕಾಗಲೇ ಇಲ್ಲ. ಇಲ್ಲ ಅನ್ನುವುದು ಅಮ್ಮನಿಗೆ ತಕ್ಷಣ ಅರ್ಥವಾಗುತ್ತದೆ ಈಗೀಗ.

"ಅವನಿಗೆ ಹೇಳು. ಇವತ್ತೇ."

"ನೀನೇ ಹೇಳಮ್ಮ."

"ಕಳೆದವಳು ನೀನು. ಹೇಳೋಳೂ ನೀನೇ."

ಮಾರ್ಚ್ 23

ಹೇಳಲು ಹೋದೆ. ಭಾವ ವಯೊಲಿನ್ನಿನ ತಂತಿ ಬಿಗಿಗೊಳಿಸುತ್ತ ಕೂತಿದ್ದರು. "ಬಾ ಬಾ. ಶುಕ್ರವಾರಕ್ಕೆ ನಲವತ್ತು ಮುಗಿಯತ್ತೆ. ಶನಿವಾರ ಬೆಳಗ್ಗೆ ಮನೇಲೇ ಪರದೆ ಕಟ್ಟಿ ಮೂಲ ಹಾಕ್ತೀಯಲ್ಲ? ಅಂಗಿ ಒಗೆಯೋಕೆ ಹಾಕಿದೀನಿ. ನಗಬೇಡ."

ನಗಲಿಲ್ಲ. ತಿರುಗುಕುರ್ಚಿ ಈಗ ಕಿರುಗುಟ್ಟುತ್ತಿಲ್ಲ ಅಂತ ತಿಳಿಸಿ ಬಂದೆ.

ಮೂವತ್ತೊಂಬತ್ತು ಆಯಿತು. ಹತ್ತು ಸಾವಿರ.

ಮಾರ್ಚ್ 28, ಶುಕ್ರವಾರ. ಮಧ್ಯಾಹ್ನ 2.50

ಇವತ್ತು ನಾಲ್ಕಕ್ಕೇ ಶೋ. ಹೇಳಿದೆ.

ಭಾವ ಕಮಾನಿಗೆ ರಾಳ ಉಜ್ಜುತ್ತಿದ್ದರು. ನಿಲ್ಲಿಸಲಿಲ್ಲ.

"ಯಾವಾಗ ಗೊತ್ತಾಯ್ತು?"

"ಹತ್ತನೇ ತಾರೀಕು."

"ಆಗ ಎಷ್ಟಿತ್ತು?"

"ಎಪ್ಪತ್ತು ಸಾವಿರ."

"ಮುಖ ಇತ್ತಾ?"

"...ಇತ್ತು ಭಾವ."

ಉಜ್ಜುತ್ತಲೇ ಇದ್ದರು. ಬಿಳಿ ಪುಡಿ ಪ್ಯಾಂಟಿನ ಮೇಲೆಲ್ಲ ಬಿತ್ತು.

"ಒಂದಿನ ಎರಡು ಸಲ ತಿರುಗಿದೆ ನಾನು. ನೀನು ಮೇಲೆ ಕೂತಿದ್ದೆ."

ಹೌದು ಅಂದೆ. ಬೈದಿದ್ದರೆ ಚೆನ್ನಾಗಿತ್ತು. "ಹೋಗು, ಟೈಮಾಯ್ತು," ಅಂದರು. ಬಹಳ ಮರ್ಯಾದೆಯಿಂದ. ಹೊರಗಿನವರಿಗೆ ಹೇಳುವ ಹಾಗೆ.

ಅದೇ ದಿನ. 5.50

5.05ಕ್ಕೆ ತಿರುಗಬೇಕಿತ್ತು. ತಿರುಗಲಿಲ್ಲ.

ನುಡಿಸುತ್ತಲೇ ಹೋದರು. ಹೊಸ್ತಿಲಿನ ರಾಗವನ್ನೇ, ಮತ್ತೆ ಮತ್ತೆ. ಹಿಂದೆ ಒಂದು ಎಡಗಾಲು, ಒಂದು ಹೆಗಲ ಅಂಚು ನಡೆಯಿತು. ಇಪ್ಪತ್ತು ನಿಮಿಷ. ಆಮೇಲೆ ಕೈ ಸೋತು ಕಮಾನು ನಿಂತಿತು. ಅವಳೂ ನಿಂತಳು, ಅವರಿಂದ ಮೂರು ಹೆಜ್ಜೆ ಹಿಂದೆ. ಜನ ಸ್ವಲ್ಪ ಹೊತ್ತು ಕಾದು, ಇದೇ ಇರಬೇಕು ಮುಕ್ತಾಯ ಅಂತ ಚಪ್ಪಾಳೆ ತಟ್ಟಿ ಎದ್ದರು. ಕೆಲವರು ಬಹಳ ಆಧುನಿಕವಾಗಿದೆ ಅಂದರು.

ತಂತಿ ಕಿತ್ತೆ. ಮೈಕಿನಲ್ಲಿ ಹೇಳಿದೆ — "ಭಾವ, ತಂತಿ ತೆಗೆದಿದೀನಿ. ತಿರುಗಿ. ಏನೂ ಆಗಲ್ಲ. ಹತ್ತು ಸಾವಿರ ಇದೆ, ನೋಡಿ."

ಖಾಲಿ ಹಾಲಿನಲ್ಲಿ ಉತ್ತರ ಚೆನ್ನಾಗಿ ಕೇಳಿಸಿತು.

"ಮೂಲ ಇದೆ ಅಂತಾನೂ ನೀನೇ ಹೇಳಿದ್ದೆ."

ಕೆಳಗಿಳಿದು ಹೋದೆ. ತಂತಿಯನ್ನೇ ಕೈಯಲ್ಲಿ ಹಿಡಿದು ತೋರಿಸಿದೆ. ನೋಡಿದರು. "ಯಾವ ತಂತಿಯೋ," ಅಂದರು. ಬೆಲ್ಟ್ ಬಿಚ್ಚಿಕೊಡಿ ಅಂದರೆ ಎರಡು ಕೈಯಲ್ಲೂ ಹಿಡಿದುಕೊಂಡರು, ಮಗು ಹಿಡಿದ ಹಾಗೆ. ನನ್ನನ್ನು ಹತ್ತಿರ ಬರಬೇಡ ಅಂದರು.

ಹಾಲ್ ಮ್ಯಾನೇಜರ್ ಏಳಕ್ಕೆ ಮೇನ್ ಸ್ವಿಚ್ ಇಳಿಸುತ್ತಾನಂತೆ. ನಾಳೆ ಬೇರೆಯವರ ಬುಕಿಂಗ್. ಇಳಿಸಿದರೆ ಮುಗಿಯಿತು, ನಲವತ್ತೊಂದನೇ ಸಲ ಫೈಲ್ ತೆರೆಯುವುದಿಲ್ಲ. ಕೈಮುಗಿದು ಕೇಳಿದೆ, ತಂತಿ ಕಿತ್ತಿದೆ ಅಂತ ಭಾವನಿಗೆ ನೀವೊಂದು ಮಾತು ಹೇಳಿ ಅಂತ. "ನಿಮ್ಮ ಮನೆ ಜಗಳದಲ್ಲಿ ನನ್ನನ್ನ ಎಳೀಬೇಡಿ" ಅಂದ. ಅಮ್ಮ ಫೋನೆತ್ತುತ್ತಿಲ್ಲ.

6.35

ಹಾಗೇ ಕೂತಿದ್ದಾರೆ. ಹಾಗೇ ನಿಂತಿದ್ದಾಳೆ.

ಅಮ್ಮನನ್ನು ಕರೆತರಲು ಓಡುತ್ತಿದ್ದೇನೆ. ಈ ಪುಸ್ತಕ ಟೇಬಲ್ ಮೇಲೆ ಬಿಚ್ಚಿಟ್ಟಿರುತ್ತೇನೆ. ಯಾರೇ ಆಗಲಿ, ಇಲ್ಲಿ ಬಂದು ಇದನ್ನು ಓದಿದರೆ — ನೀವು ಅವರಿಗೆ ಏನೂ ಆಗಬೇಕಿಲ್ಲ, ಆಗದಿದ್ದರೇ ಒಳ್ಳೆಯದು — ದಯವಿಟ್ಟು ಒಂದು ಸಣ್ಣ ಕೆಲಸ. ಕೆಳಗೆ ಹೋಗಿ. ತಂತಿ ಕಿತ್ತಿದೆ, ಕಣ್ಣಾರೆ ನೋಡಿದೆ ಅಂತ ಹೇಳಿ. ನನ್ನ ಹೆಸರು ಎತ್ತಬೇಡಿ. ಎಡಗಡೆ ಬಾಗಿಲಿಂದ ಹೋಗಿ, ಮೆಲ್ಲಗೆ ತೆಗೀರಿ, ಗಾಳಿಗೆ ಪರದೆ ಅಲುಗಾಡಿದರೆ ಅವರು ಅದನ್ನು ಅವಳು ಚೆದುರಿದ ಸದ್ದು ಅಂತ